ಅಗಳಿ ಯಾವ ‘ಏರಿಯಾ’ಕ್ಕೆ ಸೇರಿದ್ದು?

ಚಿತ್ರಮಂದಿರಗಳು ಮುಚ್ಚುತ್ತಿವೆ ಎಂದರೆ ನಮ್ಮ ವಿದ್ಯಾವಂತರಲ್ಲಿ ಅನೇಕರು ಹುಬ್ಬು ಕೂಡ ಏರಿಸುವುದಿಲ್ಲ. ಶಾಲೆ ಮುಚ್ಚಿದರೆ ಮನವಿ ಬರೆಯುತ್ತಾರೆ, ವಾಚನಾಲಯ ಮುಚ್ಚಿದರೆ ಸಭೆ ಕರೆಯುತ್ತಾರೆ. ಟಾಕೀಸು ಮುಚ್ಚಿದರೆ ಮಾತ್ರ “ಹೋಗಲಿ ಬಿಡಿ, ಮಕ್ಕಳು ಕೆಡುವುದು ತಪ್ಪಿತು” ಎನ್ನುತ್ತಾರೆ. ಗಡಿನಾಡಿನ ಕನ್ನಡಿಗರು ಹೀಗೆ ಮಾತಾಡುವುದು ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಂತೆ. ಕನ್ನಡ ಬೀದಿಗೆ ಬಂದು ನಾಲ್ಕು ಜನರ ನಡುವೆ ಗಟ್ಟಿಯಾಗಿ ಕೇಳಿಸುತ್ತಿದ್ದ ಜಾಗಗಳು ನಮಗೆ ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದು ಶಾಲೆ, ಒಂದು ಬಯಲಾಟದ ರಂಗ, ಇನ್ನೊಂದು ಸಿನೆಮಾ. ಮೂರನೆಯದನ್ನು ನಾವು ಕಣ್ಣೆದುರೇ ಕಳೆದುಕೊಂಡೆವು.

ಅನಂತಪುರ ಸೀಮೆಯ ಅಗಳಿಯನ್ನೇ ತೆಗೆದುಕೊಳ್ಳಿ. ಕಾಸರಗೋಡಿನ ಓದುಗರಿಗೆ ಈ ಹೆಸರು ಹೊಸದಿರಬಹುದು. ಮಡಕಶಿರಾ, ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರಗಳ ಹಳ್ಳಿಹಳ್ಳಿಗಳಲ್ಲಿ ಮನೆಮಾತು ಕನ್ನಡ. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇರುವುದು ಅಮರಾಪುರದ ಮಗ್ಗುಲಲ್ಲೇ. ಪಡುವಣಕ್ಕೆ ತುಮಕೂರು ಜಿಲ್ಲೆಯ ಶಿರಾ. ಆದರೆ 1882ರಲ್ಲಿ ಬಳ್ಳಾರಿಯಿಂದ ಒಡೆದ ಅನಂತಪುರ ಜಿಲ್ಲೆಗೆ ಮಡಕಶಿರಾ ಸೇರಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆದೋನಿ, ಆಲೂರು ತಾಲೂಕುಗಳೂ ಆಚೆಗೆ ಹೋದವು. 1956ರಲ್ಲಿ ನಿಮಗಾದದ್ದು ನಮಗೆ ಮೂರು ವರ್ಷ ಮೊದಲೇ ಆಗಿತ್ತು. 2022ರ ಏಪ್ರಿಲ್ 4ರಿಂದ ಅಗಳಿಯ ಜಿಲ್ಲಾ ಕೇಂದ್ರ ಪುಟ್ಟಪರ್ತಿ. ಜಿಲ್ಲೆ ಬದಲಾಯಿತು, ಮಾತು ಬದಲಾಗಲಿಲ್ಲ.

ಈ ಸೀಮೆಗೆಲ್ಲ ಸಿನೆಮಾ ಬಂದದ್ದು ಟೂರಿಂಗ್ ಟಾಕೀಸಿನ ರೂಪದಲ್ಲಿ. ಸುಗ್ಗಿ ಮುಗಿದ ಮೇಲೆ ಬಯಲಲ್ಲಿ ಡೇರೆ ಎದ್ದು, ಎಣ್ಣೆ ಎಂಜಿನ್ನು ಗುಡುಗುಡು ಎನ್ನುತ್ತಿತ್ತು. ಮುಂದೆ ಮರಳ ನೆಲ, ನಡುವೆ ಬೆಂಚು, ಹಿಂದೆ ಕುರ್ಚಿ. ಘಂಟಸಾಲ ಹಾಡಿದ ತಿರುಪತಿ ತಿಮ್ಮಪ್ಪನ ಸ್ತುತಿಯ ರೆಕಾರ್ಡು ಮೊಳಗಿತೆಂದರೆ ಟಿಕೇಟು ಶುರುವಾಯಿತೆಂದು ಅರ್ಥ. ಗಡಿಯ ಆಚೆ ಈಚೆ ಎರಡೂ ಕಡೆ ಇದೇ ಗಂಟೆ. ತೆಲುಗಿನ ಸ್ತುತಿ ಮುಗಿದು ಕನ್ನಡದ ಚಿತ್ರ ಶುರುವಾದರೆ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು. ಅದೇ ವರ್ಷ ಅದೇ ಕಥೆಯ ತೆಲುಗು ಚಿತ್ರದಲ್ಲೂ ರಾಜಕುಮಾರರೇ ನಟಿಸಿದರು. ಅವರು ತೆಲುಗಿನಲ್ಲಿ ಮಾಡಿದ್ದು ಅದೊಂದೇ. ಕಾಳಹಸ್ತಿಯ ಬೇಡನಿಗೆ ಎರಡು ಭಾಷೆ ಇದ್ದುವು, ಜಗಳವಿರಲಿಲ್ಲ. ಆ ರಾಜಕುಮಾರರಾದರೂ ಎಲ್ಲಿಯವರು? ಅವರ ಗಾಜನೂರು ಇಂದು ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆ. ಕನ್ನಡ ಚಿತ್ರರಂಗ ತಲೆಯ ಮೇಲೆ ಹೊತ್ತ ನಟ ಗಡಿನಾಡ ಕನ್ನಡಿಗ! ಗಡಿ ಕೊಟ್ಟದ್ದನ್ನು ರಾಜಧಾನಿ ಪಡೆಯಿತು; ಗಡಿಗೆ ಮರಳಿ ಕೊಟ್ಟದ್ದೇನು?

ಡೇರೆ ಹೋಗಿ ಗೋಡೆಯ ಟಾಕೀಸು ಬಂದಾಗ ಕಷ್ಟವೂ ಬಂತು. ಗೋಡೆ ಕಟ್ಟಿದವನಿಗೆ ವರ್ಷವಿಡೀ ಚಿತ್ರ ಬೇಕು. ಚಿತ್ರ ಕೊಡುವವನು ಹಂಚಿಕೆದಾರ. ಅವನ ನಕಾಶೆ ಸರಕಾರದ ನಕಾಶೆಗಿಂತ ಹಳೆಯದು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟ. ಬಿಟ್ಟುಕೊಟ್ಟ ಸೀಮೆಗೆ ಇಂಗ್ಲಿಷರು ‘ಸೀಡೆಡ್’ ಎಂದರು. ಕಂಪೆನಿ ಹೋಯಿತು, ಇಂಗ್ಲಿಷರು ಹೋದರು, ಆದರೆ ತೆಲುಗು ಚಿತ್ರೋದ್ಯಮ ಇಂದಿಗೂ ರಾಯಲಸೀಮೆಯನ್ನು ‘ಸೀಡೆಡ್’ ಎಂದೇ ಮಾರುತ್ತದೆ, ತೆಲಂಗಾಣವನ್ನು ‘ನೈಜಾಂ’ ಎನ್ನುತ್ತದೆ. ಸಿನೆಮಾ ವ್ಯಾಪಾರದಲ್ಲಿ ನಿಜಾಮ ಇನ್ನೂ ಸತ್ತಿಲ್ಲ! ಶಿರಾ ಬೆಂಗಳೂರು-ಕೋಲಾರ-ತುಮಕೂರು ಸೇರಿದ ‘ಬಿ.ಕೆ.ಟಿ.’ ಏರಿಯಾ, ಅಗಳಿ ‘ಸೀಡೆಡ್’ ಏರಿಯಾ. ಬಿ.ಕೆ.ಟಿ.ಗೆ ಹಕ್ಕು ಕೊಂಡವನು ಅಗಳಿಯಲ್ಲಿ ತೋರಿಸುವಂತಿಲ್ಲ. ಸೀಡೆಡ್ ಕೊಂಡವನಿಗೆ ಐದಾರು ಮಂಡಲಗಳ ಕನ್ನಡಿಗರು ಲೆಕ್ಕಕ್ಕೇ ಇಲ್ಲ. ಶಿರಾದಲ್ಲಿ ಓಡುವ ಕನ್ನಡ ಚಿತ್ರ ಗಡಿಕಲ್ಲಿನ ಹತ್ತಿರ ಬಂದು ನಿಂತುಬಿಡುತ್ತದೆ. ಅತ್ತ ಪಾವಗಡದಲ್ಲಿ ತೆಲುಗು ಮನೆಮಾತಿನವರು ಕರ್ನಾಟಕದೊಳಗಿದ್ದೇ ತೆಲುಗು ಚಿತ್ರವನ್ನು ತೆಲುಗಿನಲ್ಲೇ ನೋಡುತ್ತಾರೆ. ನೋಡಲಿ, ಅದು ಅವರ ಹಕ್ಕು. ಅದೇ ಹಕ್ಕು ಕೂಗಳತೆಯಾಚೆಯ ಕನ್ನಡಿಗನಿಗೆ ಯಾಕಿಲ್ಲ?

“ಅದಕ್ಕಾಗಿಯೇ ಡಬ್ಬಿಂಗ್ ಬೇಡವೆಂದು ಹೋರಾಡಿದೆವು” ಎಂದು ಬೆಂಗಳೂರಿನವರು ಹೇಳಬಹುದು. ಆ ಕೋಟೆಯ ಕಥೆಯೂ ಗೊತ್ತು. ದಶಕಗಳ ಕಾಲ ಪರಭಾಷಾ ಚಿತ್ರ ಕನ್ನಡವಾಡದಂತೆ ಉದ್ಯಮ ಕಾವಲು ಕಾಯಿತು. 2015ರಲ್ಲಿ ಸ್ಪರ್ಧಾ ಆಯೋಗ ಅದನ್ನು ತಪ್ಪೆಂದಿತು. ಕೋಟೆ ಸರಿಯೋ ತಪ್ಪೋ, ನಾವು ಗಡಿಯವರು ಕೋಟೆಯ ಹೊರಗೇ ಇದ್ದೆವು. ತೆಲುಗು ಚಿತ್ರ ಕನ್ನಡದಲ್ಲಿ ನಮಗೆ ಸಿಗಲಿಲ್ಲ, ಕನ್ನಡ ಚಿತ್ರ ಕನ್ನಡದಲ್ಲಿ ನಮ್ಮೂರಿಗೆ ಬರುವ ದಾರಿಯನ್ನೂ ಯಾರೂ ಕಾಯಲಿಲ್ಲ. ಈಗ ಗಾಳಿ ತಿರುಗಿದೆ. 2022ರ ಏಪ್ರಿಲ್ 14ರಂದು ‘ಕೆ.ಜಿ.ಎಫ್.’ ಎರಡನೆಯ ಭಾಗ ಐದು ಭಾಷೆಗಳಲ್ಲಿ ಬಂತು. ಸೆಪ್ಟೆಂಬರ್ 30ರಂದು ಬಂದ ‘ಕಾಂತಾರ’ ಅಕ್ಟೋಬರಿನಲ್ಲಿ ತೆಲುಗು, ಮಲಯಾಳಗಳನ್ನೂ ಆಡಿತು. ಕನ್ನಡ ಚಿತ್ರ ದೇಶ ಗೆದ್ದಿತೆಂದು ಪತ್ರಿಕೆಗಳು ಬರೆದುವು. ಸಂತೋಷವೇ. ಆದರೆ ಕನ್ನಡ ಚಿತ್ರ ದೇಶ ಗೆಲ್ಲುವ ಈ ಏರ್ಪಾಟಿನಲ್ಲಿ ಆಂಧ್ರಕ್ಕೆ ತೆಲುಗು ಆವೃತ್ತಿ, ಕೇರಳಕ್ಕೆ ಮಲಯಾಳ ಆವೃತ್ತಿ ಎಂದು ಹಂಚುತ್ತಾರಲ್ಲ, ಆಗ ಅಗಳಿಯ ಕನ್ನಡಿಗ ಕನ್ನಡದ ದೈವವನ್ನು ತೆಲುಗಿನಲ್ಲಿ ನೋಡಬೇಕಾದ ಗತಿ. ತೆಯ್ಯಂ, ಭೂತಗಳ ನಡುವೆ ಬೆಳೆದ ಕಾಸರಗೋಡಿನ ಮಕ್ಕಳಿಗೆ ಇದರ ವ್ಯಂಗ್ಯ ನಾನು ಬಿಡಿಸಿ ಹೇಳಬೇಕೆ?

ಮೊದಲು ಒಂದು ನೆಪವಿತ್ತು. ಪ್ರಿಂಟು ದುಬಾರಿ, ರೀಲು ಡಬ್ಬ ಕಡಿಮೆ. ಪೇಟೆಯಲ್ಲಿ ಓಡಿ ಗೀರು ಬಿದ್ದ ಮೇಲೆ ಹಳ್ಳಿಗೆ ಬರಬೇಕು. ಆ ನೆಪ ಈಗಿಲ್ಲ. ಚಿತ್ರ ಬರುವುದು ಉಪಗ್ರಹದಿಂದ, ಇಲ್ಲವೆ ಒಂದು ಹಾರ್ಡ್ ಡಿಸ್ಕಿನಲ್ಲಿ. ಹಂಚಿಕೆದಾರ ಕಳಿಸುವ ಕೀಲಿಯಿಂದ ಅದು ತೆರೆಯುತ್ತದೆ. ತೆಲುಗು ಆವೃತ್ತಿಯ ಬದಲು ಕನ್ನಡದ್ದನ್ನು ಒಂದು ಆಟಕ್ಕಾದರೂ ತೆರೆಯಲು ಯಂತ್ರ ಅಡ್ಡಿಯಲ್ಲ; ಕರಾರು ಅಡ್ಡಿ. ಕರಾರು ಮನುಷ್ಯರು ಬರೆದದ್ದು, ಮನುಷ್ಯರೇ ತಿದ್ದಬಹುದು.

ಯಂತ್ರ ಸುಲಭವಾದ ಹೊತ್ತಿಗೆ ಮಂದಿರಗಳೇ ಇಲ್ಲವಾಗುತ್ತಿವೆ. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ ಕೇಬಲ್ಲಿನಲ್ಲಿ ಮನೆಗೆ ಬಂದುವು. 2020ರ ಮಾರ್ಚಿಯಲ್ಲಿ ಕೊರೋನಾ ಬಾಗಿಲು ಹಾಕಿಸಿತು. ಆಮೇಲೆ ಆಂಧ್ರ ಸರಕಾರ 2021ರ ಏಪ್ರಿಲ್ 8ರ ಆದೇಶದಲ್ಲಿ ಗ್ರಾಮ ಪಂಚಾಯತಿಯ ಹವಾನಿಯಂತ್ರಣವಿಲ್ಲದ ಮಂದಿರಗಳಿಗೆ 5, 10, 15 ರೂಪಾಯಿ ಎಂದು ದರ ಕಟ್ಟಿತು. ಬಡವನಿಗೆ ಅಗ್ಗದಲ್ಲಿ ಸಿನೆಮಾ ಸಿಗಬೇಕೆಂಬುದು ಒಳ್ಳೆಯ ಮಾತೇ. ಆದರೆ ಐದು ರೂಪಾಯಿಗೆ ವಿದ್ಯುತ್ ಬಿಲ್ಲು ತೀರುತ್ತದೆಯೇ? ಆ ವರ್ಷದ ಕೊನೆಗೆ ರಾಜ್ಯದಾದ್ಯಂತ ಅನೇಕ ಮಾಲೀಕರು ಬಾಗಿಲು ಹಾಕಿದರು. 2022ರ ಮಾರ್ಚಿಯಲ್ಲಿ ಸರಕಾರವೇ ದರ ಏರಿಸಬೇಕಾಯಿತು. ಅಗಳಿಯ ಕನ್ನಡಿಗನ ಟಿಕೇಟಿನ ಬೆಲೆ ಅಮರಾವತಿಯಲ್ಲಿ ನಿಶ್ಚಯ, ಚಿತ್ರ ಯಾವುದೆಂಬುದು ಹೈದರಾಬಾದಿನಲ್ಲಿ ನಿಶ್ಚಯ, ಅವನ ಭಾಷಾಭಿಮಾನದ ಭಾಷಣ ಬೆಂಗಳೂರಿನಲ್ಲಿ. ಮೂರು ಕಡೆಯೂ ಅವನನ್ನು ಕೇಳಿದವರಿಲ್ಲ. ಬೆಂಗಳೂರೇನು ಸುಖದಲ್ಲಿದೆಯೇ? 1974ರಲ್ಲಿ ತೆರೆದ ಕಾವೇರಿ 2024ರಲ್ಲಿ ಮುಚ್ಚಿತು. ಮೆಜೆಸ್ಟಿಕ್ ಎಂಬ ಬಡಾವಣೆಯ ಹೆಸರಿದೆ, ಆ ಹೆಸರು ಕೊಟ್ಟ ಟಾಕೀಸಿಲ್ಲ. ಆದರೆ ಬೆಂಗಳೂರಿನಲ್ಲಿ ಒಂದು ಮುಚ್ಚಿದರೆ ಮಾಲಿನಲ್ಲಿ ನಾಲ್ಕು ಪರದೆ ಉಂಟು. ಅಗಳಿ ಸೀಮೆಗೆ ಯಾವ ಮಾಲು?

“ಈಗ ಎಲ್ಲರ ಕೈಯಲ್ಲೂ ಫೋನಿದೆ, ಅದರಲ್ಲೇ ನೋಡಬಹುದಲ್ಲ” ಎನ್ನುವವರಿಗೆ ಒಂದು ಮಾತು. ಫೋನಿನಲ್ಲಿ ನೋಡುವುದು ಒಬ್ಬನ ನೋಟ. ನೂರು ಜನ ಒಟ್ಟಿಗೆ ಕುಳಿತು ಒಂದು ಕನ್ನಡ ಮಾತಿಗೆ ನಕ್ಕಾಗ ಅಲ್ಲಿದ್ದ ಮಗುವಿಗೆ ತಿಳಿಯುವುದೇ ಬೇರೆ: ಇದು ಅಜ್ಜಿಯ ಅಡುಗೆಮನೆಯ ಮಾತಲ್ಲ, ಊರಿನ ಮಾತು ಎಂದು. ಭಾಷೆ ಸಾಯುವುದಕ್ಕೆ ಮೊದಲು ಬೀದಿಯಿಂದ ಮನೆಯೊಳಗೆ ಸರಿಯುತ್ತದೆ, ಆಮೇಲೆ ನಡುಮನೆಯಿಂದ ಅಡುಗೆಮನೆಗೆ. 2018ರಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ನೋಡಿ ಕಣ್ಣೊರೆಸಿಕೊಂಡವರು ಶಾಲೆ ಉಳಿಯಲಿ ಎಂದರು. ಉಳಿಯಲಿ. ಶಾಲೆಯಿಂದ ಹೊರಬಂದ ಮಗುವಿನ ಕಿವಿಗೆ ಕನ್ನಡ ಬೀಳುವ ಜಾಗವೂ ಉಳಿಯಲಿ.

ತೆಲುಗಿನ ಮೇಲಾಗಲಿ ಮಲಯಾಳದ ಮೇಲಾಗಲಿ ನಮಗೆ ಸಿಟ್ಟಿಲ್ಲ. ಈ ಸಂಚಿಕೆಯ ಮಲಯಾಳ ಓದುಗರು ಇದನ್ನು ತಪ್ಪು ತಿಳಿಯಬಾರದು. ಅವರಿಂದ ನಾವು ಕಲಿಯುವುದೇ ಇದೆ. 1965ರಲ್ಲಿ ಅಡೂರ್ ಮೊದಲಾದವರು ಚಿತ್ರಲೇಖ ಫಿಲ್ಮ್ ಸೊಸೈಟಿ ಕಟ್ಟಿದರು. ಜಾನ್ ಅಬ್ರಹಾಂ ಅವರ ಒಡೆಸ್ಸ ಬಳಗ ಜನರಿಂದ ಹಣ ಕೂಡಿಸಿ 1986ರಲ್ಲಿ ‘ಅಮ್ಮ ಅರಿಯಾನ್’ ಮಾಡಿ ಊರೂರಿಗೆ ಒಯ್ದಿತು. ನಮ್ಮಲ್ಲೇ ಹೆಗ್ಗೋಡಿನ ನೀನಾಸಂ 1973ರಲ್ಲಿ ಚಿತ್ರಸಮಾಜ ಆರಂಭಿಸಿ ಅಡಿಕೆ ತೋಟದ ನಡುವೆ ಜಗತ್ತಿನ ಸಿನೆಮಾ ತೋರಿಸಿತು. ಹಳ್ಳಿಗೆ ಪರದೆ ಬೇಡವೆಂದು ಹಳ್ಳಿ ಹೇಳಿದ್ದಿಲ್ಲ.

ಆದ್ದರಿಂದ ಮೂವರನ್ನು ಕೇಳುತ್ತೇನೆ. ಚಲನಚಿತ್ರ ವಾಣಿಜ್ಯ ಮಂಡಳಿಯವರೇ, ಚಿತ್ರದ ಹಕ್ಕು ಮಾರುವಾಗ ಕರಾರಿನಲ್ಲಿ ಒಂದು ಸಾಲು ಸೇರಿಸಲು ನಿರ್ಮಾಪಕರಿಗೆ ಹೇಳಿ: ಮಡಕಶಿರಾ, ರಾಯದುರ್ಗ, ಕಾಸರಗೋಡು, ಮಂಜೇಶ್ವರ, ತಾಳವಾಡಿ, ಅಕ್ಕಲಕೋಟೆಗಳಲ್ಲಿ ಮೂಲ ಕನ್ನಡವನ್ನೇ ತೋರಿಸಲು ಅಡ್ಡಿಯಿಲ್ಲ ಎಂದು. ಒಂದು ಸಾಲಿಗೆ ಯಾರ ಗಂಟೂ ಹೋಗದು. ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದವರೇ, ಭವನ ಕಟ್ಟಲು ಕೊಡುವ ಹಣದ ಜೊತೆ ಆ ಭವನಕ್ಕೊಂದು ಪ್ರೊಜೆಕ್ಟರು, ಪರದೆ ಕೊಡಿ. ವರ್ಷಕ್ಕೊಮ್ಮೆ ರಾಜ್ಯೋತ್ಸವಕ್ಕೆ ತೆರೆಯುವ ಬೀಗ ವಾರಕ್ಕೊಮ್ಮೆ ತೆರೆಯಲಿ. ಮೂರನೆಯವರು ನಾವೇ. ಕನ್ನಡ ಚಿತ್ರ ಬಂದಾಗ ಟಿಕೇಟು ಕೊಳ್ಳದೆ, ಹೋದಮೇಲೆ ಕಣ್ಣೀರಿಡುವುದು ಸಾಕು. ಹತ್ತು ಮನೆ ಸೇರಿ ಒಂದು ಚಿತ್ರಸಮಾಜ ಕಟ್ಟೋಣ, ನೋಡುವವರಿದ್ದೇವೆಂದು ಲೆಕ್ಕ ತೋರಿಸೋಣ.

ಅಗಳಿ ಯಾವ ‘ಏರಿಯಾ’ಕ್ಕೆ ಸೇರಿದ್ದೆಂದು ಹಂಚಿಕೆದಾರ ಕೇಳಿದರೆ ಉತ್ತರ ಸಿದ್ಧವಿರಲಿ: ನಿಜಾಮ ನಮ್ಮನ್ನು ಒಮ್ಮೆ ಬಿಟ್ಟುಕೊಟ್ಟದ್ದು ಸಾಕು, ಕನ್ನಡ ಇನ್ನೊಮ್ಮೆ ಬಿಟ್ಟುಕೊಡುವುದು ಬೇಡ.