ಚೀಟಿ ಯಾರದಾದರೂ ಇರಲಿ, ಚಿತ್ರ ರೋಗಿಯದು

ಡೊಂಬಿವಲಿ, ಕಲ್ಯಾಣದ ಕ್ಲಿನಿಕ್ಕುಗಳಲ್ಲಿ ಸ್ಕ್ಯಾನಿಂಗಿಗೆ ಬರೆದುಕೊಡುವ ಚೀಟಿಯನ್ನು ಒಮ್ಮೆ ತಿರುಗಿಸಿ ನೋಡಿ. ಎಷ್ಟೋ ಸಲ ಅದು ವೈದ್ಯರ ಲೆಟರ್‌ಹೆಡ್ ಆಗಿರುವುದಿಲ್ಲ, ಸ್ಕ್ಯಾನ್ ಸೆಂಟರೇ ಅಚ್ಚು ಹಾಕಿಸಿ ಕೊಟ್ಟ ಪ್ಯಾಡು. ಮೇಲೆ ಸೆಂಟರಿನ ಹೆಸರು, ಕೆಳಗೆ ಸೋನೋಗ್ರಫಿ, ಸಿಟಿ, ಎಂಆರ್‌ಐ ಎಂದು ಚೌಕಗಳು, ಹಿಂಬದಿಯಲ್ಲಿ ಸ್ಟೇಷನ್ನಿನಿಂದ ಬರುವ ದಾರಿ. ವೈದ್ಯರು ಟಿಕ್ ಹಾಕುತ್ತಾರೆ, ರೋಗಿ ರಿಕ್ಷಾ ಹತ್ತುತ್ತಾನೆ. ಬೇರೆಡೆ ಮಾಡಿಸಬಹುದೇ ಎಂದು ಕೇಳಲು ನಮ್ಮವರಿಗೆ ದಾಕ್ಷಿಣ್ಯ, ಡಾಕ್ಟರಿಗೆ ಬೇಸರವಾದೀತು!

ಈ ದಾಕ್ಷಿಣ್ಯದ ಮೇಲೆಯೇ ‘ಕಟ್ ಪ್ರ್ಯಾಕ್ಟೀಸ್’ ಬದುಕಿರುವುದು. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳೇ ನಿಷೇಧಿಸಿವೆ. 2017ರಲ್ಲಿ ಮುಂಬೈಯ ಏಷ್ಯನ್ ಹಾರ್ಟ್ ಆಸ್ಪತ್ರೆ ‘ವೈದ್ಯರಿಗೆ ಕಮಿಷನ್ ಇಲ್ಲ’ ಎಂದು ಹೋರ್ಡಿಂಗ್ ಹಾಕಿದಾಗ ಸಿಟ್ಟಾದದ್ದು ವೈದ್ಯರ ಸಂಘ. ಅದೇ ವರ್ಷ ಮಹಾರಾಷ್ಟ್ರ ಸರಕಾರ ಕಟ್ ಪ್ರ್ಯಾಕ್ಟೀಸ್ ತಡೆಯುವ ಕಾಯ್ದೆಯ ಕರಡನ್ನೂ ಸಿದ್ಧಪಡಿಸಿತು. ಅದು ಕರಡಿನಿಂದ ಮುಂದಕ್ಕೆ ಹೋಗಲಿಲ್ಲ. ಪರೀಕ್ಷೆ ಎಲ್ಲಿ ಮಾಡಿಸಬೇಕೆಂಬ ಆಯ್ಕೆ ರೋಗಿಯದು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ. ಎಷ್ಟು ಕ್ಲಿನಿಕ್ಕುಗಳ ಗೋಡೆಯಲ್ಲಿ ಅದನ್ನು ಕಂಡಿದ್ದೀರಿ?

ಕಮಿಷನ್ನಿನಿಂದ ಹಣ ಹೋಗುತ್ತದೆ, ಸರಿ. ಇನ್ನೊಂದು ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ನಾವು ರಿಪೋರ್ಟನ್ನು ಜೋಪಾನ ಮಾಡುತ್ತೇವೆ, ಚಿತ್ರಗಳನ್ನು ಮರೆಯುತ್ತೇವೆ. ರಿಪೋರ್ಟ್ ಎಂದರೆ ಒಬ್ಬ ರೇಡಿಯಾಲಜಿಸ್ಟ್ ಚಿತ್ರ ನೋಡಿ ಬರೆದ ಅಭಿಪ್ರಾಯ. ಪುರಾವೆ ಇರುವುದು ಚಿತ್ರದಲ್ಲಿ. ಒಂದು ಎಂಆರ್‌ಐಯಲ್ಲಿ ನೂರಾರು ಚಿತ್ರಗಳಿರುತ್ತವೆ. ಕೈಗೆ ಕೊಡುವ ದೊಡ್ಡ ಫಿಲ್ಮುಗಳಲ್ಲಿ ಆಯ್ದ ಕೆಲವು ಮಾತ್ರ. ಪೂರ್ತಿ ಬೇಕಾದರೆ ‘ಡೈಕಾಮ್’ ರೂಪದ ಸಿಡಿ ಕೇಳಿ ಪಡೆಯಬೇಕು. ಮೊಬೈಲಿಗೆ ಲಿಂಕ್ ಬಂದರೆ ಕೂಡಲೇ ಇಳಿಸಿಕೊಳ್ಳಿ. ಅದು ಸದಾ ತೆರೆದಿರುತ್ತದೆಂಬ ಭರವಸೆಯಿಲ್ಲ. ಥಾಣೆಯಲ್ಲೋ ಪನ್ವೇಲಿನಲ್ಲೋ ಮತ್ಸ್ಯಗಂಧ ರೈಲು ಹತ್ತಿ ಮಣಿಪಾಲಕ್ಕೆ ಎರಡನೇ ಅಭಿಪ್ರಾಯ ಕೇಳಲು ಹೋಗುವ ಕುಟುಂಬಗಳು ಇಲ್ಲಿ ಎಷ್ಟೊಂದಿವೆ. ಬರೀ ರಿಪೋರ್ಟ್ ಹಿಡಿದು ಹೋದರೆ ಅಲ್ಲಿನ ವೈದ್ಯರು ಮತ್ತೊಂದು ಸ್ಕ್ಯಾನ್ ಹೇಳುತ್ತಾರೆ. ತಪ್ಪು ಅವರದಲ್ಲ. ಸಿಟಿಯಾದರೆ ಹಣದ ಜೊತೆಗೆ ವಿಕಿರಣವೂ ಇಮ್ಮಡಿ: ಹೊಟ್ಟೆಯ ಒಂದು ಸಿಟಿಯಲ್ಲಿ ದೇಹ ಪಡೆಯುವ ವಿಕಿರಣ, ಪ್ರಕೃತಿಯಿಂದ ಸುಮಾರು ಎರಡು-ಮೂರು ವರ್ಷಗಳಲ್ಲಿ ಬರುವಷ್ಟು.

ಸೋನೋಗ್ರಫಿಯ ಲೆಕ್ಕ ಬೇರೆ. ಅದರಲ್ಲಿ ವಿಕಿರಣವಿಲ್ಲ; ಆದರೆ ಹಿಡಿಕೆ ಆಡಿಸುವ ಕೈ ಕಂಡದ್ದೇ ಪರೀಕ್ಷೆ, ಮುದ್ರಿಸಿಕೊಟ್ಟ ನಾಲ್ಕು ಚಿತ್ರ ನೋಡಿ ಇನ್ನೊಬ್ಬರು ಹೇಳುವುದು ಕಡಿಮೆ. ಅಲ್ಲಿ ಯಂತ್ರಕ್ಕಿಂತ ವೈದ್ಯರ ಹೆಸರು ಕೇಳುವುದು ಜಾಣತನ. ಸಿಟಿ, ಎಂಆರ್‌ಐಗಳಲ್ಲಿ ಓದುವವರು ಆ ಊರಲ್ಲೇ ಇರಬೇಕಿಲ್ಲ. 2002ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಅಮೆರಿಕದ ಆಸ್ಪತ್ರೆಗಳ ರಾತ್ರಿಪಾಳಿಯ ಸ್ಕ್ಯಾನ್‌ಗಳನ್ನು ಇಲ್ಲಿಂದಲೇ ಓದಿಕೊಟ್ಟಿತು. ದೂರ ಕುಳಿತು ಓದಿದರೆ ದೋಷವಲ್ಲ, ಓದಿದವರು ಯಾರೆಂದು ತಿಳಿಯದಿದ್ದರೆ ದೋಷ.

ಎಂಆರ್‌ಐ ಕೋಣೆಯ ಬಗ್ಗೆ ಒಂದು ಮಾತು. ಅದರ ಅಯಸ್ಕಾಂತ ಸ್ಕ್ಯಾನ್ ನಡೆಯದಾಗಲೂ ಆನ್ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋದ ಯುವಕ ಯಂತ್ರದತ್ತ ಸೆಳೆಯಲ್ಪಟ್ಟು ಸತ್ತ. ಅವನು ರೋಗಿಯಲ್ಲ, ರೋಗಿಯ ಸಂಬಂಧಿ. ಸಿಬ್ಬಂದಿ ‘ಪರವಾಗಿಲ್ಲ, ಬನ್ನಿ’ ಅಂದರೂ ಲೋಹದ ವಸ್ತು ಹಿಡಿದು ಹೊಸ್ತಿಲು ದಾಟಬೇಡಿ.

ಇನ್ನು ಸ್ಕ್ಯಾನ್ ದರದ ಮಾತು. ಅದರ ಗೊಂದಲಕ್ಕೆ ಮದ್ದಿಲ್ಲ ಎನ್ನುವವರು 2020ರ ಸೆಪ್ಟೆಂಬರನ್ನು ನೆನೆಯಲಿ. ಕೋವಿಡ್ ಉಲ್ಬಣಿಸಿದ್ದಾಗ ಮಹಾರಾಷ್ಟ್ರ ಸರಕಾರ ಎದೆಯ ಎಚ್‌ಆರ್‌ಸಿಟಿಗೆ ಯಂತ್ರದ ಸಾಮರ್ಥ್ಯ ನೋಡಿ 2,000, 2,500, 3,000 ರೂಪಾಯಿ ಮಿತಿ ಹಾಕಿತು. ಸದಾ ಅಂಥ ಮಿತಿ ಬೇಕೆಂದು ನಾನು ವಾದಿಸುವುದಿಲ್ಲ, ಗುಣಮಟ್ಟಕ್ಕೂ ಪೆಟ್ಟು ಬಿದ್ದೀತು. ಆದರೆ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ ಎಂಬ ಫಲಕ ಪ್ರತಿ ಸೋನೋಗ್ರಫಿ ಸೆಂಟರಿನಲ್ಲೂ ತೂಗುತ್ತದೆ, ಕಾನೂನು ಹೇಳಿದ್ದರಿಂದ. ದರಪಟ್ಟಿ, ರಿಪೋರ್ಟ್ ಬರೆಯುವವರ ಹೆಸರು, ಚಿತ್ರಗಳ ಪ್ರತಿ ಕೊಡುತ್ತೇವೆಂಬ ಒಂದು ಸಾಲು: ಇವನ್ನು ಅದೇ ಗೋಡೆಗೆ ಹಾಕಿಸಲು ಥಾಣೆ, ಕಲ್ಯಾಣ-ಡೊಂಬಿವಲಿ, ನವಿ ಮುಂಬೈ ಪಾಲಿಕೆಗಳು ಸರಕಾರವನ್ನು ಒತ್ತಾಯಿಸಬೇಕು.