ಬೆಣ್ಣೆಹಣ್ಣು ಹಿತ್ತಲಿಗೆ ಸರಿ, ನಾಲೆ ಗದ್ದೆಗೆ ಬೇಡ

ಈಗ ಯಾರ ಮೊಬೈಲ್ ನೋಡಿದರೂ ಬೆಣ್ಣೆಹಣ್ಣಿಂದೇ ವಿಡಿಯೋ. ಎಕರೆಗೆ ಇಷ್ಟು ಲಕ್ಷ, ಅಷ್ಟು ಲಕ್ಷ ಅಂತಾರೆ. ನಮ್ಮೂರ ಕಡೆ ಇಬ್ಬರು ಮೂವರು ಅಡಿಕೆ ಸಾಲಿನ ಮಧ್ಯೆ ಹಾಕಬಹುದಾ ಅಂತ ಕೇಳಿದರು. ನೇರವಾಗಿ ಹೇಳ್ತೀನಿ, ಹಿತ್ತಲಲ್ಲಿ ಒಂದು ಗಿಡ ಹಾಕಿ. ನಾಲೆ ನೀರು ಹಾಯೋ ಜಾಗಕ್ಕೆ ಹಾಕ್ಬೇಡಿ.

ಕಾರಣ ಬೇರು. ಇದರ ಮೂಲ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಚೆನ್ನಾಗಿ ಬರುತ್ತೆ, ಯಾಕಂದ್ರೆ ಇಳಿಜಾರಲ್ಲಿ ಎಷ್ಟು ಮಳೆ ಬಿದ್ದರೂ ನೀರು ನಿಲ್ಲಲ್ಲ. ಆಹಾರ ಎಳೆಯೋ ಬೇರೆಲ್ಲ ಮೇಲ್ಮಣ್ಣಲ್ಲೇ ಇರ್ತಾವೆ. ನೀರು ನಿಂತರೆ ಫೈಟಾಪ್ತೊರಾ ಹತ್ತಿ ಬೇರು ಕೊಳೆಯುತ್ತೆ. ಅಡಿಕೆಗೆ ಕೊಳೆ ರೋಗ ತರೋದೂ ಇದೇ ಕುಲದ್ದು. ಬೇರು ಸತ್ತಾಗ ಎಲೆ ಬಾಡುತ್ತೆ, ಜನ ಬಾಯಾರಿಕೆ ಅಂತ ತಿಳಿದು ಇನ್ನೆರಡು ಕೊಡ ಸುರೀತಾರೆ. ಅಲ್ಲಿಗೆ ಮುಗೀತು. ಅದೂ ಅಲ್ದೆ ಒಂಬತ್ತು ಅಡಿ ಅಂತರದ ಅಡಿಕೆ ಮಧ್ಯೆ ಈ ಮರಕ್ಕೆ ಬಿಸಿಲೆಲ್ಲಿ, ಜಾಗ ಎಲ್ಲಿ?

ಹಿತ್ತಲಲ್ಲೂ ಮೊದಲು ಎರಡಡಿ ಗುಂಡಿ ತೆಗೆದು ತುಂಬ ನೀರು ಹಾಕಿ. ಮಾರನೇ ದಿನ ಬೆಳಗ್ಗೆನೂ ನೀರು ನಿಂತಿದ್ದರೆ ಆ ಜಾಗ ಬಿಡಿ, ಇಲ್ಲಾಂದ್ರೆ ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ. ಕರಿಮಣ್ಣಿದ್ದವರಿಗಂತೂ ದಿಬ್ಬನೇ ಗತಿ. ಬುಡಕ್ಕೆ ಸೋಗೆ, ತರಗು ಹೊದಿಸಿ, ಆದ್ರೆ ಕಾಂಡಕ್ಕೆ ತಾಗಿಸಬೇಡಿ. ಗುದ್ದಲಿ ಹಾಕಿ ಕೆದಕಬೇಡಿ. ಮೊದಲೆರಡು ಬೇಸಿಗೆ ನೆರಳು ಬೇಕು, ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಿಗೆ ಎಳೆ ತೊಗಟೆ ಸುಡುತ್ತೆ. ಬೋರ್ ನೀರು ಉಪ್ಪಾಗಿದ್ದರೆ ಎಲೆ ತುದಿ ಒಣಗುತ್ತೆ, ಅದು ರೋಗ ಅಲ್ಲ.

ಲೋಟದ ನೀರಲ್ಲಿ ಬೀಜ ಮೊಳಕೆ ಬರಿಸೋದು ಮಕ್ಕಳಿಗೆ ಆಟ. ಆ ಗಿಡ ಕಾಯಿ ಬಿಡೋಕೆ ಐದಾರು ವರ್ಷಕ್ಕೂ ಮೇಲೆ ಹಿಡಿಯಬಹುದು, ತಾಯಿ ಹಣ್ಣಿನ ಗುಣ ಬರುತ್ತೆ ಅನ್ನೋ ಭರವಸೆನೂ ಇಲ್ಲ. ಕಸಿ ಗಿಡ ಮೂರು ನಾಲ್ಕು ವರ್ಷಕ್ಕೆ ಶುರು ಮಾಡುತ್ತೆ. ಹಾಸ್ ಅಂತ ಹೆಸರು ಹೇಳಿ ದುಡ್ಡು ಕೇಳಿದರೆ ಮೊದಲು ಕಸಿ ಗಂಟು ತೋರಿಸಿ ಅನ್ನಿ. ಹಾಸ್ ತಂಪು ಬಯಸೋದು, ನಮ್ಮ ಸೆಕೆಗೆ ನಾನಂತೂ ಅದನ್ನ ಹೇಳಲ್ಲ. ಕೊಡಗಿನ ಚೆಟ್ಟಳ್ಳಿಯಲ್ಲಿ ಐಐಎಚ್‌ಆರ್ ಕೇಂದ್ರ ಐತೆ, ಅರ್ಕಾ ಸುಪ್ರೀಂ, ಅರ್ಕಾ ಕೂರ್ಗ್ ರವಿ ಅಲ್ಲಿನ ತಳಿಗಳು. ಕೇಳೋದಾದ್ರೆ ಅಲ್ಲಿ ಕೇಳಿ.

ಹೂವಿಂದು ಒಂದು ವಿಚಿತ್ರ. ಒಂದೇ ಹೂ ಮೊದಲ ಸಲ ಹೆಣ್ಣಾಗಿ ಅರಳಿ ಮುಚ್ಚುತ್ತೆ, ಮಾರನೇ ದಿನ ಗಂಡಾಗಿ ಅರಳುತ್ತೆ. ಎ ಗುಂಪಿನ ಗಿಡ ಬೆಳಗ್ಗೆ ಹೆಣ್ಣು, ಬಿ ಗುಂಪಿನದು ಮಧ್ಯಾಹ್ನ ಹೆಣ್ಣು. ಒಂಟಿ ಗಿಡನೂ ಕಾಯಿ ಬಿಡುತ್ತೆ, ಆದ್ರೆ ಪಕ್ಕದ ಮನೆಯವರು ಇನ್ನೊಂದು ಗುಂಪಿನದು ಹಾಕಿದರೆ ಇಬ್ಬರಿಗೂ ಒಳ್ಳೇದು. ಹೂ ಇರುವಾಗ ಔಷಧಿ ಹೊಡೀಬೇಡಿ, ಜೇನು ಬೇಕು.

ಇನ್ನೊಂದು, ಸವರಿದ ಸೊಪ್ಪನ್ನ ಮೇಕೆಗೆ, ಹಸುಗೆ ಹಾಕ್ಬೇಡಿ. ಈ ಎಲೆ ವಿಷ, ಕೆಚ್ಚಲು ಬಾತು ಹಾಲು ಇಳಿಯುತ್ತೆ. ಹಿತ್ತಲಲ್ಲೇ ಕೊಟ್ಟಿಗೆ ಇರೋರು ಗಿಡನ ಹಸು ಬಾಯಿಗೆ ಸಿಗದಷ್ಟು ದೂರ ನೆಡಿ.