ಮೂಗು ಮುಚ್ಕೊಂಡು ಓಡೂದು ಹ್ಯಾಂಗ್ರಿ?

ಇಂಗ್ಲೆಂಡಿನ ಕಾಲುವೆ ದಂಡೆಯ ಹಾದಿಗಳನ್ನು ಮಾಡಿದ್ದು ದೋಣಿ ಎಳೆಯುವ ಕುದುರೆಗಳಿಗೆ. ಈಗ ಅಲ್ಲಿ ಜನ ಓಡುತ್ತಾರೆ. ಹುಬ್ಬಳ್ಳಿಯಲ್ಲೂ ಉಣಕಲ್ ಕೆರೆಯಿಂದ ಊರೊಳಗೆ ಹರಿಯುವ ನಾಲಾ ಇದೆ. ಅದರ ದಂಡೆಗುಂಟ ಸ್ಮಾರ್ಟ್ ಸಿಟಿಯವರು ಫ್ರಾನ್ಸಿನ ನೆರವು ಪಡೆದು ಸೈಕಲ್, ನಡಿಗೆಯ ಹಸಿರು ಹಾದಿ ಮಾಡಲು ಹೊರಟರು. ಹಾದಿಗೆ ನಮ್ಮ ತಕರಾರಿಲ್ಲ. ಆದರೆ ನಾಲಾಕ್ಕೆ ಗಟಾರದ ನೀರು ಬೀಳುವುದು ನಿಲ್ಲದೆ ದಂಡೆಗೆ ಟೈಲ್ಸ್, ಲೈಟು ಹಾಕಿದರೆ ಏನು ಬಂತು? ಓಡುವವರಿಗೆ ಮೊದಲು ಬೇಕಾದದ್ದು ಉಸಿರು. ಅದಕ್ಕೇ ಬೆಳಗಾದರೆ ಇಲ್ಲಿಯವರು ನೃಪತುಂಗ ಬೆಟ್ಟ ಹತ್ತುತ್ತಾರೆ, ಧಾರವಾಡದವರು ಕರ್ನಾಟಕ ವಿಶ್ವವಿದ್ಯಾಲಯದ ಆವರಣಕ್ಕೆ ಹೋಗುತ್ತಾರೆ. ಅವೆರಡೂ ದೂರ ಆದವರು ಏನು ಮಾಡಬೇಕು? ನಾಲಾ ಅವರ ಮನೆ ಹಿಂದೆಯೇ ಇದೆ. ಮೊದಲು ಗಟಾರ ತಿರುಗಿಸಿ, ಆಮೇಲೆ ರಿಬ್ಬನ್ ಕತ್ತರಿಸಿ.